ಬೆನ್ನು ತಿರುಗಿಸಿ ನಿಂತವನಿಗೂ ಕೇಳುವಂತೆ

1991ರ ಜುಲೈನಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ವಿದ್ಯುತ್ ಮಗ್ಗ ತರಬೇತಿ ಕೇಂದ್ರಕ್ಕೆ ಬೋಧಕನಾಗಿ ಬಂದೆ. ವಯಸ್ಸು ಮೂವತ್ತಮೂರು, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಊರು ಹೊಸಕೋಟೆ ಕಡೆಯ ಒಂದು ಹಳ್ಳಿ. ಇಷ್ಟಕ್ಕೆ ದಾಖಲೆ ಇದೆ. ಮುಂದೆ ಹೇಳುವುದರಲ್ಲಿ ಕೆಲವಕ್ಕೆ ನನ್ನ ಡೈರಿ ಸಾಕ್ಷಿ, ಕೆಲವಕ್ಕೆ ಬರೀ ನನ್ನ ನಾಲಿಗೆ. ಈ ಪ್ರಸಂಗವನ್ನು ನಾನು ಬೀಳ್ಕೊಡುಗೆ ಸಮಾರಂಭಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ ಅದು ಕೈಯಾಡಿದ ಲಾಳಿಯಂತೆ ನುಣುಪಾಗಿಬಿಟ್ಟಿದೆ. ಬರೆಯಲು ಕುಳಿತಾಗ ಆ ನುಣುಪಿನ ಮೇಲೇ ಅನುಮಾನ ಬಂತು. ಆದ್ದರಿಂದ ಎಲ್ಲಿ ನನಗೆ ಖಾತರಿ ಇಲ್ಲವೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ಕೇಂದ್ರದಲ್ಲಿ ಎಂಟು ಮಗ್ಗಗಳಿದ್ದವು. ಆರು ತಿಂಗಳ ಕೋರ್ಸು. ಕಲಿಸುತ್ತಿದ್ದುದು ನೇಯುವುದನ್ನಲ್ಲ, ಕೆಟ್ಟ ಮಗ್ಗವನ್ನು ಸರಿಮಾಡುವುದನ್ನು. ಈ ಕೆಲಸ ಮಾಡುವವನಿಗೆ ಊರಿನಲ್ಲಿ ಜಾಬರ್ ಎನ್ನುತ್ತಾರೆ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮನೆಗೆ ಎರಡೋ ನಾಲ್ಕೋ ಮಗ್ಗ. ಒಂದು ಮಗ್ಗ ಕೆಟ್ಟು ನಿಂತರೆ ಜಾಬರ್ ಬರುವವರೆಗೆ ಮನೆಯೇ ಕಾಯಬೇಕು, ಅವನು ಬರುವುದು ಅವನಿಗೆ ತೋಚಿದಾಗ. ಆ ಕೆಲಸವನ್ನು ಹೆಂಗಸರು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರ ಪಾಲಿಗಿದ್ದದ್ದು ಕಂಡಿಕೆ ಸುತ್ತುವ ಕೆಲಸ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ಸುತ್ತಿಕೊಡುವುದು. ಆ ವರ್ಷ ಮೇಲಿನವರು ಪ್ರಯೋಗಕ್ಕೆಂದು ಒಂದು ಮಹಿಳಾ ತಂಡ ಮಾಡಿದರು. ಆರು ಜನ ಸೇರಿದರು. ಅಕ್ಟೋಬರ್ ಹೊತ್ತಿಗೆ ಐದು ಜನ ಬಿಟ್ಟರು. ಉಳಿದವರು ಚೌಡಮ್ಮ. ಒಬ್ಬರಾದರೂ ತೇರ್ಗಡೆಯಾಗದಿದ್ದರೆ ಮುಂದಿನ ವರ್ಷ ಮಹಿಳಾ ತಂಡ ಇಲ್ಲ ಎಂದು ಪತ್ರ ಬಂತು.

ಚೌಡಮ್ಮನಿಗೆ ಆಗ ಮೂವತ್ತೊಂದು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆ ಸೇರಿದವರು. ಏಳನೇ ಕ್ಲಾಸು ಓದಿದ್ದರು. ಗಂಡ ನಂಜುಂಡಪ್ಪ ಮನೆಯ ಮುಂಭಾಗದಲ್ಲೇ ಎರಡು ಮಗ್ಗ ಓಡಿಸುತ್ತಿದ್ದರು. ಆಕೆ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಲೇ ಮಗ್ಗದ ಸದ್ದು ಬದಲಾದದ್ದನ್ನು ಗುರುತಿಸುತ್ತಿದ್ದರು. ಜಾಬರ್ ಬಾರದ ದಿನ ತಾವೇ ಸ್ಪ್ಯಾನರ್ ಹಿಡಿದು ಸರಿಮಾಡುತ್ತಿದ್ದರು. ನೆರೆಯವರು ಕೇಳಿದರೆ ನಂಜುಂಡಪ್ಪ, ಜಾಬರ್ ಬಂದಿದ್ದ ಎಂದು ಹೇಳುತ್ತಿದ್ದರು. ಎರಡು ವರ್ಷ ಈ ಸುಳ್ಳು ನಡೆದಿತ್ತು.

ಯಾಕೆ ಸೇರಿದಿರಿ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ಅವರು ಬರೆದದ್ದು ಒಂದೇ ಸಾಲು: "ಸರ್ಟಿಫಿಕೇಟು ಗೋಡೆಗೆ ಹಾಕಬೇಕು." ಆಗ ನಕ್ಕಿದ್ದೆ.

ಮಗ್ಗದ ಮನೆಯೊಳಗೆ ಕಾಲಿಡದವರಿಗೆ ಒಂದು ವಿಷಯ ವಿವರಿಸಬೇಕು. ಒಂದು ಮಗ್ಗದಲ್ಲಿ ಅಡ್ಡನೂಲು ಹೊತ್ತ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅತ್ತಿಂದಿತ್ತ ಬಡಿಯುತ್ತದೆ. ಎರಡು ಮಗ್ಗ ಓಡುವ ಕೋಣೆಯಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದು ಕಷ್ಟ. ಹಾಗಾಗಿ ಅಲ್ಲಿ ಬೆಳೆದವರು ಕೂಗುವುದೇ ಇಲ್ಲ. ದನಿ ಹೊರಡಿಸದೆ ತುಟಿಯನ್ನು ಮಾತ್ರ ಆಡಿಸುತ್ತಾರೆ, ಎದುರಿನವರು ಕಣ್ಣಿನಿಂದ ಓದಿಕೊಳ್ಳುತ್ತಾರೆ. ಜಗಳ, ಚಾಡಿ, ಲೆಕ್ಕ, ಹಾಸ್ಯ ಎಲ್ಲವೂ ಹೀಗೇ. ನಾನು ರಾಗಿ ಹೊಲದ ಕಡೆಯವನು. ಐದು ತಿಂಗಳು ಅಲ್ಲಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ ಎನ್ನುವುದು ನಾಚಿಕೆಯ ಮಾತು.

ಡಿಸೆಂಬರಿನಲ್ಲಿ ಪರೀಕ್ಷೆ. ಲಿಖಿತದಲ್ಲಿ ಚೌಡಮ್ಮನಿಗೆ ಐವತ್ತಕ್ಕೆ ಇಪ್ಪತ್ತೆಂಟು. ಕೈಕೆಲಸದಲ್ಲಿ ನೂರಕ್ಕೆ ತೊಂಬತ್ತೊಂದು, ಇಡೀ ಕೇಂದ್ರಕ್ಕೆ ಮೊದಲು. ಕೊನೆಯದು ಐವತ್ತು ಅಂಕದ ಮೌಖಿಕ. ಅದರಲ್ಲಿ ಇಪ್ಪತ್ತು ಬಾರದಿದ್ದರೆ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ. ಬೆಂಗಳೂರಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಮಗ್ಗಗಳನ್ನು ನಿಲ್ಲಿಸಲಾಗಿತ್ತು. ಕಟ್ಟಡ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಅವರು ನಾಲ್ಕು ಪ್ರಶ್ನೆ ಕೇಳಿದರು. ನಾನು ಪಕ್ಕದ ಮೇಜಿನಲ್ಲಿ ಹಾಜರಿ ಬರೆಯುತ್ತಿದ್ದೆ. ಒಮ್ಮೆ ತಲೆ ಎತ್ತಿದಾಗ ಚೌಡಮ್ಮನ ತುಟಿ ಅಲುಗುತ್ತಿದ್ದುದು ಕಂಡಿತು. ಭಯಕ್ಕೆ ನಡುಗುತ್ತಿದೆ ಎಂದುಕೊಂಡೆ.

ಪರೀಕ್ಷಕರು ಕೆಟ್ಟವರಲ್ಲ. ಏಳು ನಿಮಿಷ ಕಾದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿ, "ಕೆಲಸ ಚೆನ್ನಾಗಿದೆ. ಆದರೆ ಬಾಯೇ ಬಿಡದವರಿಗೆ ಏನಂತ ಹಾಕಲಿ ಹೇಳಿ?" ಎಂದರು. ಸೊನ್ನೆ ಹಾಕಿದರು.

ಕೇಂದ್ರದ ಅಟೆಂಡರ್ ಹನುಮಂತಪ್ಪ ಟೀ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ವಯಸ್ಸು ಐವತ್ತಾರು, ಮೂವತ್ತು ವರ್ಷ ಮಗ್ಗ ನೇಯ್ದವರು, ಸೊಂಟ ಹಿಡಿದ ಮೇಲೆ ಈ ಕೆಲಸಕ್ಕೆ ಬಂದವರು. ಅವರು ಕೇಳಿದರು: "ಸೊನ್ನೆ ಯಾಕ್ ಸಾರ್?"

"ಒಂದ್ ಮಾತೂ ಆಡ್ಲಿಲ್ವಲ್ಲಪ್ಪ" ಎಂದೆ ನಾನು.

"ಆಡಿದ್ಲಲ್ಲ. ನಾಲ್ಕಕ್ಕೂ ಹೇಳಿದ್ಲು. ಮೂರನೇದು ವಸಿ ತಡವಾಯ್ತು, ಅಷ್ಟೇಯ."

ನಾನು ಹೇಳುವ ಕಥೆಯಲ್ಲಿ ಈ ಮಾತು ಆ ಕ್ಷಣದಲ್ಲೇ, ಟೀ ಬಿಸಿಯಾಗಿರುವಾಗಲೇ ನಡೆಯುತ್ತದೆ. ಆದರೆ ಹಾಗಾಗಿದ್ದರೆ ನಾನು ಪರೀಕ್ಷಕರ ಜೀಪಿನ ಹಿಂದೆ ಓಡಬೇಕಿತ್ತಲ್ಲ. ಓಡಲಿಲ್ಲ. ಡೈರಿ ತೆಗೆದು ನೋಡಿದೆ. ಪರೀಕ್ಷೆಯ ದಿನದ ಪುಟದಲ್ಲಿ "ಚೌಡಮ್ಮ, ಮೌಖಿಕ 0. ಬೆಲ್ಟು ಎರಡು ತರಿಸಬೇಕು" ಎಂದಿದೆ. ಮಾರನೆಯ ದಿನದ ಪುಟದಲ್ಲಿ "ಹನುಮಂತಪ್ಪ ಹೇಳುವುದು ನಿಜವೇ?" ಎಂದಿದೆ. ಅಂದರೆ ಒಂದು ಇಡೀ ದಿನ ನಾನು ಆಕೆಯನ್ನು ಪುಕ್ಕಲು ಹೆಂಗಸು ಎಂದುಕೊಂಡು ಮಗ್ಗದ ಬೆಲ್ಟಿನ ಚಿಂತೆಯಲ್ಲಿದ್ದೆ.

ಮೂರನೇ ದಿನ ಅವರ ಮನೆಗೆ ಹೋದೆ. ಮಗ್ಗಗಳು ಓಡುತ್ತಿದ್ದವು. ನಂಜುಂಡಪ್ಪ ಅವನ್ನು ನಿಲ್ಲಿಸಿ ಚಾಪೆ ಹಾಸಿದರು. "ನಮ್ಮನೇಲಿ ಬಾಯಿ ಮಾಡೋದು ಮಗ್ಗ ಸಾರ್, ಇವ್ಳಲ್ಲ" ಎಂದು ನಕ್ಕರು. ಚೌಡಮ್ಮ ಬಾಗಿಲ ಹಿಂದೆ ನಿಂತು ತುಟಿಯಲ್ಲಿ ಏನೋ ಹೇಳಿದರು, ನಂಜುಂಡಪ್ಪ ಅದನ್ನು ನನಗೆ ದನಿಯಲ್ಲಿ ಹೇಳಿದರು. ಹೀಗೆ ಅರ್ಧ ಮಾತು ಅವರ ಮೂಲಕ, ಅರ್ಧ ಪಿಸುಗುಟ್ಟಿ, ವಿಷಯ ಹೊರಬಂತು.

ಮದುವೆಯಾದ ಹೊಸತರಲ್ಲಿ ಚೌಡಮ್ಮ ಬೂದಿಗೆರೆಯ ನೆಂಟರ ಮನೆಗೆ ಹೋಗಿದ್ದರಂತೆ. ಅಲ್ಲಿ ಮಗ್ಗ ಇಲ್ಲ, ಹೊಲದ ಮನೆ, ಸದ್ದೇ ಇಲ್ಲ. ಯಾರೋ ಊಟಕ್ಕೆ ಏನು ಬೇಕೆಂದರು. ಈಕೆ ಉತ್ತರ ಹೇಳಿದರು. ದನಿ ಎಷ್ಟು ಏರಿಸಬೇಕೆಂದು ಗೊತ್ತಿರಲಿಲ್ಲ. ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತಂತೆ. ಮನೆಯವರು ನಕ್ಕ ನಗು ಅವರಿಗೆ ಹತ್ತು ವರ್ಷ ಮರೆಯಲಿಲ್ಲ. ಅಂದಿನಿಂದ ಮನೆಯ ಹೊರಗೆ ತುಟಿ ಮಾತ್ರ.

"ಮಗ್ಗ ಓಡ್ತಿದ್ರೆ ಎಷ್ಟು ಬೇಕಾದ್ರೂ ಮಾತಾಡ್ತೀನಿ ಸಾರ್. ನಿಂತ್‌ಬಿಟ್ರೆ ನನ್ ದನಿ ನಂಗೇ ಬೇರೆಯವ್ರದ್ದು ಅನ್ಸುತ್ತೆ" ಎಂದರು. ಆಮೇಲೆ, "ಆವತ್ತು ನಾನು ಹೇಳಿದ್ದು ನಂಗೆ ಕೇಳಿಸ್ತು. ಸೊನ್ನೆ ಅಂದಾಗ ಉತ್ರ ತಪ್ಪಾಯ್ತೇನೋ ಅಂದ್ಕೊಂಡೆ."

ಮೌಖಿಕವನ್ನು ಇನ್ನೊಂದು ಸಲ ಮಾತ್ರ ಕೊಡಬಹುದು ಎಂಬುದು ನಿಯಮ. ಮಾರ್ಚಿನ ಕೊನೆಗೆ ದಿನ ನಿಗದಿಯಾಯಿತು. ಹನ್ನೊಂದು ವಾರವಿತ್ತು.

ಧೈರ್ಯ ತಂದುಕೊಳ್ಳಿ ಎಂದು ನಾನು ಉಪದೇಶ ಮಾಡಿದೆ. ಇದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದರಿಂದ ಏನೂ ಆಗಲಿಲ್ಲ. ಮುಂದೆ ನಡೆದ ಅಭ್ಯಾಸದ ಯೋಜನೆ ನನ್ನದೇ ಎಂದು ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದೇನೆ. ಅದು ಹನುಮಂತಪ್ಪನವರದು.

"ಧೈರ್ಯ ಎಲ್ಲಿಂದ ತರ್ತಾಳೆ ಸಾರ್, ಅಂಗಡೀಲಿ ಸಿಕ್ಕುತ್ತಾ?" ಎಂದರು ಅವರು. "ದಿನಾ ಬೆಳಿಗ್ಗೆ ಹತ್ತು ನಿಮಿಷ ಕೊಡಿ. ನಾನು ಬೇವಿನ ಮರದ ಹತ್ರ ನಿಂತ್ಕೋತೀನಿ. ಅವ್ಳು ಬಾಗ್ಲಲ್ಲಿ ನಿಂತು ಮಾತಾಡ್ಲಿ. ಕೇಳ್ಸಿದ್ರೆ ಕೈ ಎತ್ತೀನಿ."

"ನೀವು ತುಟಿ ನೋಡಿ ತಿಳ್ಕೊಂಡ್‌ಬಿಡ್ತೀರಲ್ಲ?"

"ಅದ್ಕೇ ಬೆನ್ನು ತಿರುಗ್ಸಿ ನಿಂತ್ಕೋತೀನಿ."

ಬಾಗಿಲಿನಿಂದ ಮರಕ್ಕೆ ಮೂವತ್ತು ಹೆಜ್ಜೆ. ಹೊಸ ತಂಡದ ತರಗತಿ ಒಂಬತ್ತೂವರೆಗೆ. ಒಂಬತ್ತಕ್ಕೆ ಹನುಮಂತಪ್ಪ ಪೊರಕೆ ಗೋಡೆಗೆ ಒರಗಿಸಿ ಮರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಚೌಡಮ್ಮ ಹಿಂದಿನ ದಿನ ಯಾವ ಮಗ್ಗಕ್ಕೆ ಏನಾಯಿತು, ಏನು ಮಾಡಿದೆ ಎಂದು ಮೂರು ವಾಕ್ಯ ಹೇಳಬೇಕು. ಮೊದಲ ಕೆಲವು ದಿನ ಕೈ ಮೇಲೇಳಲಿಲ್ಲ. ಹನುಮಂತಪ್ಪ ತಿರುಗಿಯೂ ನೋಡಲಿಲ್ಲ. ಹತ್ತು ನಿಮಿಷವಾದ ಮೇಲೆ ಸುಮ್ಮನೆ ಬಂದು ಪೊರಕೆ ಎತ್ತಿಕೊಳ್ಳುತ್ತಿದ್ದರು. ಎಷ್ಟನೆಯ ದಿನವೋ ಬರೆದಿಟ್ಟಿಲ್ಲ, ಆಕೆಯ ದನಿ ಒಮ್ಮೆಲೇ ಹೊರಬಿತ್ತು. ಮರದ ಕಾಗೆಗಳೆಲ್ಲ ಎದ್ದವು. ಆಫೀಸಿನಿಂದ ಗುಮಾಸ್ತ ಇಣುಕಿದ.

ಹನುಮಂತಪ್ಪ ಕೈ ಎತ್ತಿ, ತಿರುಗಿ, "ಬೆನ್ನಿಗೆ ಕಲ್ ಹೊಡ್ದಂಗಾಯ್ತು ಕಣವ್ವ. ಅರ್ಧ ಸಾಕು" ಎಂದರು. ಚೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತರೇನೋ ಎಂದು ಹತ್ತಿರ ಹೋದೆ. ನಗುತ್ತಿದ್ದರು.

ಅಲ್ಲಿಂದ ಆಕೆ ಹುಡುಕಿದ್ದು ಆ ಅರ್ಧವನ್ನು. ಕಿರುಚಾಟಕ್ಕೂ ಬರೀ ತುಟಿಗೂ ನಡುವೆ ಎಲ್ಲೋ ಇರುವ ದನಿಯನ್ನು. ಎರಡನೆಯ ಅಭ್ಯಾಸವನ್ನು ಆಕೆಯೇ ಕಂಡುಕೊಂಡರು. ಆ ದಿನಗಳಲ್ಲಿ ಕರೆಂಟು ದಿನಕ್ಕೆ ಎರಡು ಮೂರು ಸಲ ಹೋಗುತ್ತಿತ್ತು. ಹೋದೊಡನೆ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತು ಊರಿಗೆ ಊರೇ ಉಸಿರು ಹಿಡಿದಂತಾಗುತ್ತಿತ್ತು. ಎಲ್ಲರೂ ಬೈಯುತ್ತಾ ಜಗಲಿಗೆ ಬಂದು ಕೂರುತ್ತಿದ್ದರು. ಚೌಡಮ್ಮನಿಗೆ ಅದು ಪಾಠದ ಗಂಟೆ. ಕರೆಂಟು ಹೋದಾಗಲೆಲ್ಲ, ಎದುರಿಗೆ ಅತ್ತೆ ಇರಲಿ, ಹೂವಿನವಳಿರಲಿ, ಯಾರಿಗಾದರೂ ಮೂರು ವಾಕ್ಯ ದನಿಯಿಂದ ಹೇಳುವುದು. ಮಾತಿನ ವಿಷಯ ಮಗ್ಗವೇ ಆಗಿರಬೇಕು. ಹೂವಿನವಳು ಒಂದು ದಿನ ನಂಜುಂಡಪ್ಪನವರಿಗೆ, "ಏನಣ್ಣ, ನಿಮ್ ಮಗ್ಗದ ಸ್ಪ್ರಿಂಗ್ ಸಮಾಚಾರ ಎಲ್ಲಾ ನಂಗೆ ಬಾಯ್‌ಪಾಠ ಆಯ್ತಲ್ಲ" ಎಂದಳಂತೆ.

ಫೆಬ್ರವರಿಯಲ್ಲಿ ಒಂದು ಎಡವಟ್ಟಾಯಿತು. ಆ ಬೀದಿಗೆಲ್ಲ ಜಾಬರ್ ಆಗಿದ್ದವನು ಕೆಂಪಣ್ಣ. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಚುರುಕು. ಟೀ ಅಂಗಡಿ ಮುಂದೆ ನಾಲ್ಕು ಜನರ ನಡುವೆ, ಪರೀಕ್ಷೆಯಲ್ಲಿ ಚೌಡಮ್ಮ ತುಟಿ ಆಡಿಸಿದ್ದನ್ನು ಅಣಕಿಸಿ ತೋರಿಸಿದ. ಆಮೇಲೆ ದನಿಯಿಲ್ಲದೆ, ಬರೀ ತುಟಿಯಲ್ಲಿ, "ಮೂಗಿ ಜಾಬರ್" ಎಂದ. ರಸ್ತೆಯ ಆಚೆ ಚೌಡಮ್ಮ ಹೋಗುತ್ತಿದ್ದರು. ದನಿಯಲ್ಲಿ ಆಡಿದ್ದರೆ ಲಾರಿ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ತುಟಿಯಲ್ಲಿ ಆಡಿದ್ದರಿಂದ ಪೂರ್ತಿ ತಿಳಿಯಿತು. ನಾಲ್ಕು ದಿನ ಕೇಂದ್ರಕ್ಕೆ ಬರಲಿಲ್ಲ. ಹನುಮಂತಪ್ಪ ಮಾತ್ರ ನಾಲ್ಕು ದಿನವೂ ಒಂಬತ್ತಕ್ಕೆ ಮರದ ಕಡೆ ತಿರುಗಿ ನಿಂತರು. ನೋಡಿದವರಿಗೆ ಹುಚ್ಚೆನಿಸುತ್ತಿತ್ತು.

ನಾಲ್ಕನೆಯ ದಿನ ನಡೆದದ್ದನ್ನು ನಾನು ನೋಡಿಲ್ಲ. ನಂಜುಂಡಪ್ಪ ಹೇಳಿದ್ದು, ಅವರು ಹೇಳುವಾಗ ಸ್ವಲ್ಪ ಜರಿ ಸೇರಿಸುವವರು. ಎದುರು ಮನೆಯ ಮಗ್ಗವನ್ನು ಕೆಂಪಣ್ಣ ಎರಡು ದಿನದಿಂದ ಬಿಚ್ಚಿ ಜೋಡಿಸುತ್ತಿದ್ದ. ಲಾಳಿಯನ್ನು ಹೊಡೆಯುವ ಪಿಕರ್ ಎಂಬ ಬಿಡಿಭಾಗವನ್ನು ಎರಡು ಸಲ ಬದಲಾಯಿಸಿದ್ದ. ಆದರೂ ಮಗ್ಗ ನಾಲ್ಕು ಗೇಣು ನೇಯ್ದು ನಿಲ್ಲುತ್ತಿತ್ತು. ಕರೆಂಟು ಹೋಯಿತು. ಬೀದಿ ಜಗಲಿಗೆ ಬಂತು. ಚೌಡಮ್ಮ ತಮ್ಮ ಬಾಗಿಲಲ್ಲಿ ನಿಂತು, ಬೀದಿಯ ಆಚೆಗೆ ಎಷ್ಟು ಬೇಕೋ ಅಷ್ಟೇ ದನಿಯಲ್ಲಿ, "ಕೆಂಪಣ್ಣ, ಪಿಕರ್‌ದಲ್ಲ ತಪ್ಪು. ಎಡಗಡೆ ಏಟು ತಡವಾಗಿ ಬೀಳ್ತದೆ. ಚರ್ಮದ ಪಟ್ಟಿ ಹಿಗ್ಗಿದೆ, ಒಂದು ತೂತು ಬಿಗಿ ಮಾಡಿ" ಎಂದರು.

"ಇಲ್ಲಿಂದಲೇ ಕಾಣ್ತದಾ ನಿಂಗೆ?" ಎಂದ ಅವನು.

"ಕಾಣಲ್ಲ. ಕೇಳ್ತದೆ."

ಕರೆಂಟು ಬಂದ ಮೇಲೆ ಕೆಂಪಣ್ಣ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದ. ಮಗ್ಗ ಸಂಜೆಯವರೆಗೆ ನಿಲ್ಲಲಿಲ್ಲ. ಇದರಲ್ಲಿ ಜರಿ ಎಷ್ಟೋ ಗೊತ್ತಿಲ್ಲ. ಮಾರನೆಯ ದಿನ ಒಂಬತ್ತಕ್ಕೆ ಚೌಡಮ್ಮ ಬಾಗಿಲಲ್ಲಿದ್ದರು, ಮೊದಲನೆಯ ವಾಕ್ಯಕ್ಕೇ ಹನುಮಂತಪ್ಪನ ಕೈ ಮೇಲೆದ್ದಿತು. ಇದನ್ನು ನಾನೇ ಕಂಡೆ.

ಮಾರ್ಚಿನಲ್ಲಿ ಅದೇ ಪರೀಕ್ಷಕರು ಬಂದರು. ನಿಶ್ಶಬ್ದದಲ್ಲಿ ಚೌಡಮ್ಮನ ದನಿ ಕಟ್ಟುತ್ತದೆ ಎಂದು ನಾನು ಮೊದಲೇ ತಿಳಿಸಿದ್ದೆ. ಅವರು ಯೋಚಿಸಿ, ಹಾಗಾದರೆ ಪ್ರಶ್ನೆಯನ್ನು ಮಗ್ಗದ ಹತ್ತಿರವೇ ಕೇಳುತ್ತೇನೆ ಎಂದರು. ಸಹಾಯ ಮಾಡುವ ಉದ್ದೇಶವೇ ಇತ್ತು. ಬೆಳಿಗ್ಗೆ ಒಂದು ಮಗ್ಗಕ್ಕೆ ಗುಟ್ಟಾಗಿ ಒಂದು ದೋಷ ಮಾಡಿಟ್ಟರು. ಚೌಡಮ್ಮನನ್ನು ಕರೆದು ಮಗ್ಗ ಓಡಿಸಿ, "ಏನಾಗಿದೆ ಹೇಳಿ" ಎಂದು ಕೂಗಿದರು.

ಮಗ್ಗ ಓಡಿತು, ದಡ್ ಎಂದು ನಿಂತಿತು. ಮತ್ತೆ ಓಡಿಸಿದರು. ಆ ಗದ್ದಲದಲ್ಲಿ ಚೌಡಮ್ಮ ಉತ್ತರ ಹೇಳಿದರು. ತುಟಿಯಲ್ಲಿ. ಇಪ್ಪತ್ತು ವರ್ಷದ ರೂಢಿ ಹನ್ನೊಂದು ವಾರದ ರೂಢಿಯನ್ನು ಒಂದೇ ಕ್ಷಣದಲ್ಲಿ ನುಂಗಿಬಿಟ್ಟಿತ್ತು. ಪರೀಕ್ಷಕರು ಕಿವಿಗೆ ಕೈ ಇಟ್ಟು ಬಗ್ಗಿದರು. ಏನೂ ಕೇಳಲಿಲ್ಲ. ಪೆನ್ನು ಕಾಗದದ ಮೇಲೆ ಹೋಯಿತು.

ಇಲ್ಲಿಂದ ಮುಂದೆ ನನ್ನ ನುಣುಪಾದ ಕಥೆ ಹೀಗೆ ಹೋಗುತ್ತದೆ. ಚೌಡಮ್ಮ ಕಿಟಕಿಯ ಕಡೆ ನೋಡುತ್ತಾರೆ. ಹೊರಗೆ ಬೇವಿನ ಮರದ ಹತ್ತಿರ ನಿಂತಿದ್ದ ಹನುಮಂತಪ್ಪ ನಿಧಾನವಾಗಿ ಬೆನ್ನು ತಿರುಗಿಸುತ್ತಾರೆ. ಆಕೆಗೆ ತಕ್ಷಣ ತಿಳಿಯುತ್ತದೆ. ಈ ಭಾಗಕ್ಕೆ ಬಂದಾಗ ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು.

ನಿವೃತ್ತನಾದ ಮೇಲೆ ಒಮ್ಮೆ ಆ ಕಟ್ಟಡಕ್ಕೆ ಹೋದೆ. ಆ ಮಗ್ಗ ಇದ್ದ ಜಾಗದಲ್ಲಿ ನಿಂತೆ. ಕಿಟಕಿ ಇರುವುದು ರಸ್ತೆಯ ಕಡೆಗೆ. ಅಲ್ಲಿಂದ ಅಂಗಳ ಕಾಣುವುದಿಲ್ಲ, ಮರ ಕಾಣುವುದಿಲ್ಲ, ಬೆನ್ನು ತಿರುಗಿಸಿ ಯಾರು ನಿಂತರೂ ಕಾಣುವುದಿಲ್ಲ. ಅಲ್ಲಿಂದ ನೇರವಾಗಿ ಚೌಡಮ್ಮನ ಮನೆಗೆ ಹೋಗಿ ಕೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಯಾರನ್ನೂ ನೋಡ್ಲಿಲ್ಲ ಸಾರ್. ಅವ್ರು ಬರೆಯೋಕೆ ಹೋದ್ರಲ್ಲ, ಆ ಪೆನ್ನು ನೋಡ್ದೆ. ಕರೆಂಟ್ ಯಾವಾಗ ಹೋಗುತ್ತೋ ಅಂತ ಕಾಯೋಕಾಗುತ್ತಾ?" ಎಂದರು.

ನಡೆದದ್ದು ಇಷ್ಟು. ಚೌಡಮ್ಮ ಪರೀಕ್ಷಕರ ಮುಂದೆ ಕೈ ಚಾಚಿ ಮಗ್ಗದ ಹಿಡಿಯನ್ನು ಎಳೆದು ನಿಲ್ಲಿಸಿದರು. ಪರೀಕ್ಷೆಯ ನಡುವೆ ಅಭ್ಯರ್ಥಿ ಮಗ್ಗ ನಿಲ್ಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೋಣೆ ನಿಶ್ಶಬ್ದವಾಯಿತು. ಡಿಸೆಂಬರಿನ ನಿಶ್ಶಬ್ದವೇ. ಆದರೆ ಈ ಸಲ ಅದನ್ನು ಮಾಡಿದವರು ಅವರೇ.

"ಈಗ ಹೇಳ್ತೀನಿ ಸಾರ್, ಬರ್ಕೊಳ್ಳಿ" ಎಂದರು. ಮೂವತ್ತು ಹೆಜ್ಜೆಗೆ ಸಾಲುವ ದನಿ. "ಲಾಳಿ ಬಲಗಡೆ ಪೆಟ್ಟಿಗೆಗೆ ಸರಿಯಾಗೇ ಹೋಗ್ತದೆ. ಆದ್ರೆ ಅಲ್ಲಿ ನಿಲ್ಲಲ್ಲ, ವಾಪಸ್ ಬರ್ತದೆ. ಅದ್ಕೇ ಎರಡು ಸದ್ದು, ಒಂದು ದೊಡ್ದು, ಒಂದು ಸಣ್ದು. ಲಾಳೀನ ಹಿಡಿಯೋ ಸ್ಪ್ರಿಂಗು ಸಡ್ಲ ಆಗಿದೆ. ಯಾರೋ ಇವತ್ತೇ ಸಡ್ಲ ಮಾಡಿದಾರೆ, ನಟ್ಟಿನ ಮೇಲೆ ಹೊಸ ಗೀರದೆ."

ಪರೀಕ್ಷಕರು ಕನ್ನಡಕ ತೆಗೆದರು. ಇನ್ನೂ ಐದು ಪ್ರಶ್ನೆ ಕೇಳಿದರು. ಐದಕ್ಕೂ ಉತ್ತರ ಬಂತು, ಒಂದಕ್ಕೆ ಪರೀಕ್ಷಕರೇ ಚೌಡಮ್ಮನಿಂದ ಪ್ರತಿಪ್ರಶ್ನೆ ಕೇಳಿಸಿಕೊಂಡರು. ಕೆಲವು ಸಲ ಹೇಳುವಾಗ ನಾನು ಚೌಡಮ್ಮ ಎರಡನೆಯ ದೋಷವನ್ನೂ ಪತ್ತೆಹಚ್ಚಿದರು ಎಂದು ಸೇರಿಸಿದ್ದೇನೆ. ಅಂಕಪಟ್ಟಿಯಲ್ಲಿ ಅಂಥದ್ದೇನೂ ಇಲ್ಲ. ಅಂಕಪಟ್ಟಿಯಲ್ಲಿರುವುದು ಐವತ್ತಕ್ಕೆ ನಲವತ್ತಮೂರು. ಅದಕ್ಕೆ ಜರಿ ಬೇಕಿಲ್ಲ.

ಹೊರಗೆ ಅಂಗಳಕ್ಕೆ ಬಂದಾಗ ಹನುಮಂತಪ್ಪ ಗುಡಿಸುತ್ತಿದ್ದರು. ಚೌಡಮ್ಮ ಬಾಗಿಲಿನಿಂದಲೇ, "ಆಯ್ತು ಮಾವ" ಎಂದರು. ಅವರು ತಿರುಗಲಿಲ್ಲ. ಪೊರಕೆ ಹಿಡಿದ ಕೈಯನ್ನೇ ಎತ್ತಿದರು.

ಜುಲೈನಲ್ಲಿ ಎರಡನೆಯ ಮಹಿಳಾ ತಂಡ ಆರಂಭವಾಯಿತು. ಹನ್ನೊಂದು ಜನ ಸೇರಿದರು, ಒಂಬತ್ತು ಜನ ಮುಗಿಸಿದರು. ಚೌಡಮ್ಮ ಸಹಾಯಕ ಬೋಧಕಿ. ಕೆಂಪಣ್ಣ ತನ್ನ ತಂಗಿಯನ್ನು ತಾನೇ ತಂದು ಸೇರಿಸಿದ. ಫಾರಂ ಕೊಡುವಾಗ ಚೌಡಮ್ಮನ ಕಡೆ ನೋಡದೆ, "ಇವ್ಳಿಗೂ ವಸಿ ಬಾಯಿ ಬರ್ಸಿ" ಎಂದ. "ನಿಮ್ಮನೆ ಹುಡ್ಗಿಗೆ ಅದೊಂದು ಕಲಿಸ್ಬೇಕಾಗಿಲ್ಲ ಬಿಡಣ್ಣ" ಎಂದರು ಆಕೆ.

ಅದುವರೆಗೆ ನಮ್ಮ ಮೊದಲ ದಿನದ ಪಾಠ ಮಗ್ಗವನ್ನು ಚಾಲೂ ಮಾಡುವುದಾಗಿತ್ತು. ಚೌಡಮ್ಮ ಅದನ್ನು ತಿರುವುಮುರುವು ಮಾಡಿದರು. ಅವರ ತರಗತಿಯಲ್ಲಿ ಮಗ್ಗ ಮೊದಲೇ ಓಡುತ್ತಿರುತ್ತಿತ್ತು. ಒಬ್ಬೊಬ್ಬರಾಗಿ ಬಂದು ಹಿಡಿ ಎಳೆದು ನಿಲ್ಲಿಸಬೇಕು, ಆ ನಿಶ್ಶಬ್ದದಲ್ಲಿ ತಮ್ಮ ಹೆಸರು ಹೇಳಬೇಕು. ಹನುಮಂತಪ್ಪ ಕೋಣೆಯ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಪಠ್ಯಕ್ರಮದಲ್ಲಿ ನಾನು ಅದನ್ನು ಪಾಠ ಒಂದು ಎಂದು ಬರೆದೆ.

ಸರ್ಟಿಫಿಕೇಟು ನೋಡಲು ನಂಜುಂಡಪ್ಪ ನನ್ನನ್ನು ಮನೆಗೆ ಕರೆದಿದ್ದರು. ದೇವರ ಪಟಗಳ ಸಾಲಿನಲ್ಲೇ, ಅಷ್ಟೇ ಎತ್ತರದಲ್ಲಿ, ಕಟ್ಟು ಹಾಕಿಸಿ ತೂಗುಹಾಕಿದ್ದರು. ನಾನು ಕೂತಿದ್ದಾಗಲೇ ಪಕ್ಕದ ಬೀದಿಯವರೊಬ್ಬರು ಬಂದು, ಮಗ್ಗ ಎಷ್ಟು ಚೆನ್ನಾಗಿ ಓಡ್ತಿದೆಯಲ್ಲ, ಯಾರು ಮಾಡಿದ್ದು ಎಂದು ತುಟಿಯಲ್ಲಿ ಕೇಳಿದರು. ಅಷ್ಟು ಹೊತ್ತಿಗೆ ನಾನೂ ತುಟಿ ಓದುವುದನ್ನು ಕಲಿಯುತ್ತಿದ್ದೆ. ನಂಜುಂಡಪ್ಪ ಗೋಡೆಯ ಕಡೆ ಕೈ ತೋರಿಸಿದರು.

ಇಪ್ಪತ್ತೇಳು ವರ್ಷ ಬೋಧಕನಾಗಿದ್ದೆ. ಆತ್ಮವಿಶ್ವಾಸ ಎಂಬ ಪದವನ್ನು ಭಾಷಣಗಳಲ್ಲಿ ಬಹಳ ಬಳಸಿದ್ದೇನೆ. ನನ್ನ ಕೆಲಸ ಕಲಿಸಿದ ಪ್ರಕಾರ ಅದು ಒಂಬತ್ತು ಗಂಟೆಗೆ ಬಂದು ನಿಲ್ಲುವ ಸಂಗತಿ, ಕೈ ಮೇಲೇಳದ ದಿನವೂ ಬಂದು ನಿಲ್ಲುವ ಸಂಗತಿ. ಬೋಧಕನಾದವನಿಗೆ ಅದರ ಜೊತೆ ಇನ್ನೊಂದು ಪಾಠವೂ ಇದೆ. ಚೌಡಮ್ಮನ ಸೊನ್ನೆಯ ಕಾಗದದ ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಇದೆ. ಅದಾದ ಮೇಲೆ ಯಾರಿಗೇ ಸೊನ್ನೆ ಹಾಕಬೇಕಾಗಿ ಬಂದರೂ ಪೆನ್ನು ಕೆಳಗಿಟ್ಟು, ತಲೆ ಎತ್ತಿ, ಅವರ ಮುಖವನ್ನು ಒಮ್ಮೆ ಪೂರ್ತಿ ನೋಡಿದ್ದೇನೆ.